ಮೂಲೆಯ ಸ್ಟೂಲಿನಿಂದ

ಹೆಡ್ಲಿ ಥ್ರೆಲ್ಫಾಲ್ ಬಗ್ಗೆ ನಾಲ್ಕು ಮಾತು ಹೇಳಿ ಅಂತ
ಪೇಪರಿನ ಹುಡುಗ ಬಂದಿದ್ದಾನೆ, ಬಿಸ್ಕತ್ತಿನ ಡಬ್ಬಿ ಸಮೇತ.
ನನಗೇನು ಗೊತ್ತು, ಮಗು?
ಊರೆಲ್ಲ ಅವನನ್ನು ಎದುರಿನಿಂದ ನೋಡಿತು.
ನಾನು ನೋಡಿದ್ದು ಎಡಗಿವಿ,
ಕಾಲರಿನೊಳಗೆ ಇಳಿದ ಬಣ್ಣದ ಗೆರೆ,
ಜನಕ್ಕೆ ಕಾಣದ ಕಡೆ ತೇಪೆ ಹಾಕಿದ ಕೋಟು.

ಪ್ಯಾಲಟೈನ್ ಥಿಯೇಟರು ಸಮುದ್ರಕ್ಕೆ ಬೆನ್ನು ಹಾಕಿ ನಿಂತಿತ್ತು.
ಉಬ್ಬರದ ದಿನ, ಮೂರನೇ ಅಂಕದಲ್ಲಿ,
ಕೊಲೆಗಾರನಿಗಿಂತ ಮೊದಲೇ ಅಲೆ ಬಂದು ಗೋಡೆ ತಟ್ಟುತ್ತಿತ್ತು.
ವಾರಕ್ಕೊಂದು ನಾಟಕ.
ರಾತ್ರಿ ಪಾದ್ರಿ,
ಬೆಳಿಗ್ಗೆ ತಾಲೀಮಿನಲ್ಲಿ ಮುಂದಿನ ವಾರದ ಕಳ್ಳ.
ಒಬ್ಬ ಇಳಿಯುವ ಮೊದಲೇ ಇನ್ನೊಬ್ಬ ಹತ್ತುತ್ತಿದ್ದ
ಅವನ ತಲೆಯೊಳಗೆ, ಟ್ರ್ಯಾಮಿಗೆ ಹತ್ತುವ ಹಾಗೆ.
ಒಂದು ಬುಧವಾರ ಪಾದ್ರಿಯ ನಿಲುವಂಗಿಯಲ್ಲೇ
ಮದುಮಗಳನ್ನು ಕೇಳಿಬಿಟ್ಟ: ತಿಜೋರಿಯ ಕೀಲಿ ಎಲ್ಲಿ?
ಜನ ಬಿದ್ದು ಬಿದ್ದು ನಕ್ಕರು.

ಮಾತು ಬಿದ್ದ ಕಡೆ ಎತ್ತಿಕೊಡುವುದು ನನ್ನ ಕೆಲಸ.
ಕೂಗಬಾರದು. ಪಿಸುಗುಟ್ಟಲೂಬಾರದು,
ಪಿಸುಮಾತು ಗ್ಯಾಲರಿಯ ತನಕ ಹೋಗುತ್ತದೆ.
ನನ್ನವ್ವ ಹತ್ತಿಗಿರಣಿಯವಳು,
ಮುನ್ನೂರು ಮಗ್ಗದ ಗದ್ದಲದಲ್ಲಿ
ಬರೀ ತುಟಿಯಿಂದ ಊರ ಸುದ್ದಿಯೆಲ್ಲ ಹೇಳುತ್ತಿದ್ದಳು.
ಅವಳು ಬಿಟ್ಟುಹೋದ ಆಸ್ತಿ ಅದೊಂದೇ.

ಅವನು ಮರೆತಲ್ಲೆಲ್ಲ ನನ್ನ ಪ್ರತಿಯಲ್ಲಿ ನೀಲಿ ಪೆನ್ಸಿಲಿನ ಗೀಟು.
ಒಂದು ಚಳಿಗಾಲ ಗೀಟು ವಿಪರೀತವಾದವು.
ಕೂತು ತಿರುವಿ ನೋಡಿದೆ:
ಕೊಲೆ, ವಿಲ್ಲು, ಸಾಲಪತ್ರ ಎಲ್ಲ ಬಾಯಿಪಾಠ.
'ನಾಳೆ ಮನೆಗೆ ಬರುತ್ತೀಯಲ್ಲ?'
ಇದೊಂದು ಮಾತ್ರ ಬರುತ್ತಿರಲಿಲ್ಲ, ಯಾವ ನಾಟಕದಲ್ಲೂ.
ಡೊರೀನ್ ಬೂಟು ಮಾರುವವನ ಜೊತೆ ಹೋಗಿದ್ದು ಆ ನವೆಂಬರಿನಲ್ಲಿ.
ನಾನು ಯಾರಿಗೂ ಹೇಳಲಿಲ್ಲ.
ಸಾಲು ಎತ್ತಿಕೊಟ್ಟೆ, ಅಷ್ಟೆ.

ಆಮೇಲೆ ಮ್ಯಾಂಚೆಸ್ಟರಿನ ಟೀವಿಯವರು ಒಯ್ದರು.
ಹತ್ತೊಂಬತ್ತು ವರ್ಷ ಬಸ್ ಇನ್‌ಸ್ಪೆಕ್ಟರ್ ಕ್ರಾಂಪ್ಟನ್,
ಒಂದೇ ಟೋಪಿ, ಒಂದೇ ಮೀಸೆ.
ಮೀನಿನಂಗಡಿಯ ಸಾಲಿನಲ್ಲಿ ಹೆಂಗಸರು ಟಿಕೆಟ್ ತೋರಿಸಿ ಕೆಣಕುತ್ತಿದ್ದರು,
ಅವನು ನಿಜಕ್ಕೂ ಇಸಿದುಕೊಂಡು ತೂತು ಹಾಕಿಕೊಡುತ್ತಿದ್ದ,
ತೂತಿನ ಯಂತ್ರ ಜೇಬಿನಲ್ಲೇ ಇರುತ್ತಿತ್ತು.
ಸಂಬಳ ಹೆಚ್ಚಿಸಿ ಎಂದ ಮರುತಿಂಗಳು
ಒಂದು ಗುರುವಾರ, ಜನರ ಚಹಾ ಆರುವ ಮೊದಲೇ,
ಕಲ್ಲಿದ್ದಲಿನ ಲಾರಿ ಹರಿಸಿ ಅವನನ್ನು ಮುಗಿಸಿದರು.
ಸ್ಟುಡಿಯೋಗೆ ನಲವತ್ತು ಹೂವಿನ ಚಕ್ರ ಬಂದವಂತೆ.
ಒಂದನ್ನು ಮನೆಗೆ ತಂದು ಬಾಗಿಲಿಗೆ ಕಟ್ಟಿದ,
ಹಾಲಿನವನು ಹೆದರಿ ವಾಪಸ್ಸು ಹೋದ.

ಮಂಡಿ ಸವೆದ ಮೇಲೆ ನಮ್ಮಲ್ಲಿಗೇ ಬಂದ.
ಪ್ಯಾಲಟೈನಿನ ಕಡೆಯ ರಾತ್ರಿ ಅದು,
ಸೋಮವಾರದಿಂದ ಅಲ್ಲಿ ಬಿಂಗೊ.
ಅವನದು ಮುದಿ ಬಟ್ಲರ್, ಆರು ಮಾತು, ಒಂದು ಟ್ರೇ.
ಐದು ಮಾತು ಆಯಿತು.
ಆರನೆಯದಕ್ಕೆ ನಿಂತ.

ಟ್ರೇ ಹಿಡಿದೇ ನಿಂತ. ಒಂದು ಅಲೆ ಬಡಿಯಿತು.
ಇನ್ನೊಂದು.
ಎಡಗಿವಿ ನನ್ನ ಕಡೆಗಿತ್ತು.
ಮರೆತನೋ, ತಡೆದನೋ?
ಮೂವತ್ತು ವರ್ಷ ಅವನ ಮರೆವು ಬರೆದಿಟ್ಟವಳಿಗೆ
ಆ ಹೊತ್ತು ಗೊತ್ತಾಗಲಿಲ್ಲ, ಮಗು.
ಬಾಯಿ ತೆರೆದಿದ್ದೆ, ಸಾಲು ಹಲ್ಲಿನ ಹಿಂದೆ ಬಂದು ಕೂತಿತ್ತು.
ಕೊಡಲಿಲ್ಲ.

ಅವನೇ ಹೇಳಿದ, ಮೆಲ್ಲಗೆ, ಟ್ರೇ ಇಳಿಸುತ್ತ:
'ದೀಪ ಆರಿಸಲೇ, ಅಮ್ಮಾವ್ರೇ?'
ಪ್ರತಿಯಲ್ಲಿ ಇದ್ದದ್ದು ಬೇರೆ.

ಇಲ್ಲ, ಏನಿತ್ತು ಅಂತ ಹೇಳುವುದಿಲ್ಲ.
ಬಿಸ್ಕತ್ತು ತಗೋ.
ಮಿಸ್ ಪಿಲ್ಲಿಂಗ್ ಎಂದು ಬರೆ, ಎರಡು ಲಕಾರ.