ಬಿಚ್ಚದೆ ಕಳಿಸುವುದು

ಕಂಕನಾಡಿಯ ಬಾರೊಂದು ಬಾಗಿಲು ಹಾಕಿದ ವಾರ
ಎರಡೂವರೆ ಸಾವಿರಕ್ಕೆ ಸಿಕ್ಕಿತು ಈ ರಿಸೀವರ್.
ಹತ್ತು ಕಿಲೋ ಭಾರ. ಬೆನ್ನಿನ ಜಾಲರಿಯೊಳಗೆ ಇನ್ನೂ
ಕಾಣೆ ಫ್ರೈಯ ವಾಸನೆ.
ಎಚ್‌ಡಿಎಂಐ ಇಲ್ಲದ ಕಾಲದ್ದು ಅಂಕಲ್, ಎಂದ
ಸ್ಟೇಟ್‌ಬ್ಯಾಂಕ್ ಬಳಿಯ ಅಂಗಡಿಯ ಅನ್ಸಾಫ್,
ಆಪ್ಟಿಕಲ್ ಉಂಟಲ್ಲ, ಸಾಕು.
ಬೆರಳಿಗೆ ಸುತ್ತಿ ಕೊಟ್ಟ ಒಂದೂವರೆ ಮೀಟರ್ ಕಪ್ಪು ದಾರ.
ಒಳಗೆ ತಾಮ್ರ ಇಲ್ಲ. ಬೆಳಕು ಮಾತ್ರ ಹೋಗುವುದು.

ಬೆಳಕಿನೊಳಗೆ ಸದ್ದು ಹೋಗುವುದೆಂದರೆ ಎಂತದು?
ಮೂವತ್ತೊಂದು ವರ್ಷ ದಕ್ಕೆಯ ಐಸ್ ಪ್ಲಾಂಟಿನಲ್ಲಿ
ಕಂಪ್ರೆಸರ್ ಕಾದವನು ನಾನು.
ನನಗೆ ಗೊತ್ತಿರುವ ಸದ್ದಿಗೆ ತೂಕ ಉಂಟು, ಎಣ್ಣೆ ಉಂಟು.
ಅದು ನನ್ನ ಎಡಗಿವಿಯನ್ನು
ದಿನಕ್ಕಿಷ್ಟು ಎಂದು ತಿಂದು
ಲೆಕ್ಕ ಚುಕ್ತಾ ಮಾಡಿದೆ.

ಕಂಪ್ಯೂಟರಿನ ಬೆನ್ನಿಗೆ ಒಂದು ತುದಿ ಚುಚ್ಚಿ
ಇನ್ನೊಂದನ್ನು ಅಂಗೈಗೆ ಹಿಡಿದೆ.
ಮಂಜೊಟ್ಟಿ ಬೀಜದ ಕೆಂಪಿನ ಒಂದು ಚುಕ್ಕೆ.
ಕಣ್ಣಿಗೆ ಹಿಡಿಯಬೇಡಿ, ಎಂದಳು ಸುಗಂಧಿ,
ಬೇಕಾದರೆ ಕಿವಿಗೆ ಹಿಡಿಯಿರಿ.

ಮೂರು ದಿನ.
ರಿಸೀವರಿನ ನೀಲಿ ಕಿಟಕಿಯಲ್ಲಿ ಅದೇ ಮಾತು: ಸಿಗ್ನಲ್ ಇಲ್ಲ.
ಸೆಟ್ಟಿಂಗ್ಸ್ ತೆರೆದು ಡಿಜಿಟಲ್ ಔಟ್ ಎಂಬಲ್ಲಿ ಗುರುತು ಹಾಕಿದೆ.
ಡ್ರೈವರ್ ತೆಗೆದು ಹಾಕಿದೆ, ಹಾಕಿ ತೆಗೆದೆ.
ಇನ್‌ಪುಟ್ಟಿನ ಗುಂಡಿ ಟೇಪು, ಟ್ಯೂನರು, ಡಿವಿಡಿ ಎಂದು
ಊರೆಲ್ಲ ಸುತ್ತಿ ಮನೆಗೆ ಬಂತು.
ಬಾರಿನವನಿಗೆ ಫೋನ್ ಮಾಡಿ ಬೈಯಲು ಹೊರಟಿದ್ದೆ;
ತಡೆದದ್ದು ಅವಳು.
ಬಾಬಿನ್ನಿನಲ್ಲಿ ಸಿಕ್ಕಿಕೊಂಡ ನೂಲು ಹುಡುಕುವ ಕಣ್ಣು ಅದು.
ಕೇಬಲ್ಲಿನ ತುದಿಯನ್ನು ಉಗುರಿನಿಂದ ಹಿಡಿದೆಳೆದಳು.
ಹೆಸರುಕಾಳಿನಷ್ಟು ಪ್ಲಾಸ್ಟಿಕ್ ಟೊಪ್ಪಿ,
ಕಂಡೂ ಕಾಣದಷ್ಟು ತಿಳಿ.
ಟೊಪ್ಪಿ ತೆಗೆಯದೆ ಒಳಗೆ ಹೋಗಲು ನೋಡಿದ್ದಾ ಮಾರಾಯ್ರೆ!
ಟಕ್.

ಬಂತು.
ಬಂದದ್ದು ಎರಡೇ ಬಾಯಿಂದ.
ನಡುವಿನದ್ದು ಮೂಕ, ಹಿಂದಿನ ಮೂಲೆಯವೂ ಮೂಕ.
ಕಂಪ್ಯೂಟರಿಗೆ ಉಪಕಾರದ ಚಾಳಿ ಎಂದು
ಆಮೇಲೆ ತಿಳಿಯಿತು:
ಕೊಟ್ಟ ಬುತ್ತಿಯನ್ನು ದಾರಿಯಲ್ಲೇ ಬಿಚ್ಚಿ, ಕಲಸಿ,
ಎರಡು ತುತ್ತು ಮಾಡಿ ಕಳಿಸುತ್ತದೆ.
ಅದಕ್ಕೆ ಹೇಳಬೇಕು, ಬಿಚ್ಚಬೇಡ,
ಗಂಟನ್ನು ಗಂಟಾಗಿಯೇ ದಾಟಿಸು,
ಬಿಚ್ಚುವವನು ಆಚೆ ಕೂತಿದ್ದಾನೆ.
ಒಂದು ಚೌಕದಲ್ಲಿ ಒಂದು ಟಿಕ್, ಅಷ್ಟೆ.
ಅವಳ ತಮ್ಮ ಹೇಳಿ ಕಳಿಸಿದ ಎಷ್ಟು ಮಾತನ್ನು
ನಾನು ದಾರಿಯಲ್ಲಿ ಬಿಚ್ಚಿ ಕಲಸಿದ್ದೆನೋ,
ಅದು ಬೇರೆ.

ಪರೀಕ್ಷೆಯ ಸದ್ದು ಕೋಣೆಗೆ ಸುತ್ತು ಬರತೊಡಗಿತು,
ಕಾದ ಕಾವಲಿಗೆ ಬಿದ್ದ ಬಂಗುಡೆಯ ಹಾಗೆ ಚುರ್‍ರೆನ್ನುತ್ತಾ.
ನನಗೆ ಎಲ್ಲವೂ ಬಲದಿಂದಲೇ ಬರುವುದು.
ಆದ್ದರಿಂದ ಅವಳ ಬೆರಳು ನೋಡುತ್ತಾ ಕೂತೆ.
ಬೆರಳು ಬಲಕ್ಕೆ, ಬೆರಳು ನಡುವಿಗೆ,
ಬೆರಳು ಎಡಕ್ಕೆ.
ಎಡ ಹಿಂದೆ ಎನ್ನುವಾಗ ಸ್ವಲ್ಪ ತಡೆಯಿತು,
ಆಮೇಲೆ ನನ್ನ ಭುಜದ ಮೇಲಿಂದ ದಾಟಿ
ಕ್ಯಾಲೆಂಡರಿನ ಕೆಳಗಿನ ಪೆಟ್ಟಿಗೆಯನ್ನು ತೋರಿಸಿತು.
ನಿಜವಾಗಿಯೂ? ಎಂದೆ.
ಬೆರಳು ಕದಲಲಿಲ್ಲ.

ಆದರೂ ತುಟಿಗಿಂತ ಮಾತು ಮುಂದೆ.
ಬಾಯಿ ತೆರೆಯುವ ಮೊದಲೇ ಬೈಗುಳ ಮುಗಿದಿರುತ್ತದೆ.
ನಮ್ಮ ಕಿಟಕಿಯಾಚೆ, ಬೋಳಾರದಲ್ಲಿ,
ದೋಣಿ ಕಟ್ಟುವವನ ಸುತ್ತಿಗೆ ಬೀಳುತ್ತದೆ,
ಸದ್ದು ಆಮೇಲೆ, ನಡೆದುಕೊಂಡು ಬರುವವನ ಹಾಗೆ.
ಹೊರಗೆ ಹಾಗೆ, ಒಳಗೆ ಹೀಗೆ.
ಸದ್ದನ್ನು ಹಿಡಿದು ನಿಲ್ಲಿಸುವ ಅಂಕೆಯೂ ಇತ್ತು ಪುಣ್ಯಕ್ಕೆ:
ನಲವತ್ತು ಮಿಲಿಸೆಕೆಂಡ್, ಎಂಬತ್ತು,
ನೂರ ಹತ್ತಕ್ಕೆ ಅವಳು, ಸಾಕು, ಅಂದಳು.
ನನಗೆ ನೂರಕ್ಕೇ ಸರಿಯೆನಿಸಿತ್ತು. ಹೇಳಲಿಲ್ಲ.

ಟೊಪ್ಪಿ ಈಗ ಬಾಬಿನ್ ಡಬ್ಬಿಯಲ್ಲಿ ಉಂಟು.
ಬಿಸಾಡಲು ಬಿಡುವುದಿಲ್ಲ.
ಕೇಬಲ್ ಎಂದಾದರೂ ತೆಗೆದರೆ
ತುದಿಗೆ ಧೂಳು ಕೂರಬಾರದಲ್ಲ, ಎನ್ನುತ್ತಾಳೆ,
ನನ್ನ ಬಲಕ್ಕೆ ಬಂದು ಕೂತು.