ಬಲಗಡೆಯ ಗಂಟು

ಉಮ್ಮ್ ಅಲ್ ಕುವೈನಿನ ಹಿನ್ನೀರ ದಂಡೆಯಲ್ಲಿ
ಟಯರಿನಂಗಡಿಗೂ ಮಲಬಾರಿ ಚಾದಂಗಡಿಗೂ ನಡುವೆ
ಹನ್ನೆರಡಡಿ ಮೇಜು, ಒಂದು ಹಳೇ ಮಿಶನ್ನು:
ಗಾಳಿಪಟ ಹೊಲಿಯುತ್ತೇನೆ.
ಊರಲ್ಲಿ ಹೇಳಿದರೆ ನಗುತ್ತಾರೆ,
ಮಕ್ಕಳಾಟಕ್ಕೂ ಸಂಬಳವೇ ಎಂದು.

ಇದು ಮನುಷ್ಯರನ್ನೆತ್ತುವ ಪಟ.
ಒಂಬತ್ತು ಮೀಟರು, ಹನ್ನೆರಡು ಮೀಟರು,
ಒಳಗೆ ರಬ್ಬರಿನ ಕರುಳು.
ಸೋರಿಕೆ ಹುಡುಕುವುದು ಸಾಬೂನು ನೀರಲ್ಲಿ,
ಗುಳ್ಳೆ ಎದ್ದಲ್ಲಿ ಬೆರಳು.

ಮೌಝಾ ಬಂದಳು ಮಂಗಳವಾರ ರಾತ್ರಿ,
ರಾಸ್ ಅಲ್ ಖೈಮಾದ ಹಲ್ಲಿನ ಡಾಕ್ಟರು,
ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿತ್ತು.
ಚೀಲ ಮೇಜಿನ ಮೇಲೆ ಸುರಿದು
ಅಂಗಡಿ ಹಿಂದಿಯಲ್ಲಿ, ಕೈ ಬೀಸಿ ಬೀಸಿ ಹೇಳಿದಳು:
ಬ್ರೆಜಿಲಿನ ಕುಂಬುಕೋದಿಂದ ಗಾಳಿಯನ್ನು ಬೆನ್ನಿಗಿಟ್ಟು
ಆರು ದಿನ ಪಡುವಣಕ್ಕೆ,
ಹಳ್ಳಿ, ಮರಳದಿಣ್ಣೆ, ಗಾಳಿಗಂಬ, ಮತ್ತೆ ಹಳ್ಳಿ.
ಆಮೇಲೆ ಪೆರುವಿನಲ್ಲಿ ಒಂದು ಅಲೆ,
ಒಂದೇ ಅಲೆ ಮಾಸ್ಟರ್, ಎಡಕ್ಕೇ ಮುರಿಯುತ್ತ ಮುರಿಯುತ್ತ
ಕಾಲು ನೋಯುವವರೆಗೂ ಮುಗಿಯದ ಅಲೆ.
ಇಳಿದು ನೋಡಿದರೆ ಹತ್ತಿದ ಜಾಗವೇ ಕಾಣದು,
ಆಟೋ ಹಿಡಿದು ವಾಪಸು ಹೋಗಬೇಕು!

ಅಲೆಗೆ ಇಷ್ಟು ದುಡ್ಡು ಸುರಿಯುವುದುಂಟೇ?
ನಮ್ಮಲ್ಲಿ ಅದು ಪುಕ್ಕಟೆ,
ಆಷಾಢದಲ್ಲಿ ತಾನೇ ಹಿತ್ತಲಿಗೆ ಬಂದು
ತೆಂಗಿನಮರ ಬುಡಸಮೇತ ಒಯ್ಯುತ್ತದೆ.
ಹೇಳಲಿಲ್ಲ. ಅವಳ ಮುಖ ಅಷ್ಟು ಖುಷಿಯಲ್ಲಿತ್ತು.

ಅವಳು ಹೋದಮೇಲೆ ಪಟ ಬಿಚ್ಚಿದೆ.
ಹೊಲಿಗೆಯ ಮಡಿಕೆಯಿಂದ ಮರಳು ಉದುರಿತು.
ಇಲ್ಲಿಯದು ಚಿಪ್ಪಿನ ಪುಡಿ, ಹಿಟ್ಟಿನಂತೆ;
ಇದು ದಪ್ಪ, ಕಲ್ಲುಪ್ಪಿನಂತೆ, ನಡುನಡುವೆ ಕಪ್ಪು.
ಪೊರಕೆ ಎತ್ತಿಕೊಂಡವನು ಹಾಗೇ ನಿಂತೆ:
ಬಲರೆಕ್ಕೆಯ ಲಗಾಮಿನ ದಾರ ತುಂಡಾದಲ್ಲಿ
ಯಾರೋ ಗಂಟು ಹಾಕಿದ್ದರು.

ಮೌಝಾಳದ್ದಲ್ಲ. ಅವಳ ಗಂಟು ನನಗೆ ಗೊತ್ತು,
ಶೂ ಲೇಸಿನಷ್ಟೇ ಧೈರ್ಯದ್ದು.
ಇದು ಕೊಕ್ಕೆ ಸುತ್ತಿ, ಹೆಬ್ಬೆರಳಲ್ಲಿ ಒತ್ತಿ,
ತುದಿಯನ್ನು ಕಚ್ಚಿ ಎಳೆದ ಗಂಟು.
ಹಲ್ಲಿನ ಗುರುತೂ ಇತ್ತು.
ಬಲೆ ಕಟ್ಟುವವನದು.
ಗಂಗೊಳ್ಳಿಯ ಅಳಿವೆಯ ಬಾಯಲ್ಲಿ ಶೀನ ಮಾವ
ನನ್ನ ಕೈಮೇಲೆ ಕೈಯಿಟ್ಟು ಕಲಿಸಿದ್ದು:
“ನೀರ್ ಕುಡ್ದಷ್ಟೂ ಬಿಗೀಕ್ ಮಗಾ, ಸಡ್ಲ ಆಪುಕಾಗ.”

ಮರುದಿನ ಫೋನಿನಲ್ಲಿ ಕೇಳಿದೆ. ಅವಳಿಗೆ ನೆನಪಿತ್ತು:
ನಾಲ್ಕನೆಯ ದಿನ, ದಾರ ಹರಿದು ದಡಕ್ಕೆ ಬಿದ್ದಾಗ
ಹಾಯಿದೋಣಿಯ ನೆರಳಲ್ಲಿ ಬಲೆ ಹರವಿಕೊಂಡಿದ್ದ ಮುದುಕ.
ಮಾತಿಲ್ಲ. ಪಟ ಕಸಿದುಕೊಂಡ, ಕಟ್ಟಿದ, ಕೊಟ್ಟ.
ಹೆಸರು ಕೇಳಲಿಲ್ಲ. ಹಣ ಒಡ್ಡಿದರೆ ಬೈದ.
“ಅದನ್ನ ಕತ್ತರಿಸಿ ಹೊಸ ದಾರ ಹಾಕು ಮಾಸ್ಟರ್,
ಪಟ ಒಂದು ಕಡೆ ವಾಲುತ್ತೆ.”

ನಿಜ. ಗಂಟು ದಾರವನ್ನು ಒಂದು ಬೆರಳಗಲ ನುಂಗಿತ್ತು.
ಕತ್ತರಿ ಎತ್ತಿದೆ. ಇಟ್ಟೆ.
ಚಾ ಕುಡಿದು ಬಂದೆ. ಮತ್ತೆ ಎತ್ತಿದೆ.

ಎಡರೆಕ್ಕೆಯ ದಾರಕ್ಕೆ ಏನೂ ಆಗಿರಲಿಲ್ಲ.
ಅದನ್ನು ಕತ್ತರಿಸಿದೆ.
ಅದೇ ಸುತ್ತು, ಅದೇ ಹೆಬ್ಬೆರಳು,
ಅಳತೆಪಟ್ಟಿ ಇಟ್ಟು
ಬೆರಳಗಲವನ್ನು ಅಷ್ಟಕ್ಕಷ್ಟೇ ನುಂಗಿಸಿ
ಹಲ್ಲಲ್ಲಿ ಎಳೆದೆ. ಉಪ್ಪುಪ್ಪು.
ಡಾಕ್ಟರು ನೋಡಿದ್ದರೆ ಬೈಯುತ್ತಿದ್ದಳು.

ಶನಿವಾರ ಶಮಾಲ್ ಎದ್ದಿತು,
ಚಾದಂಗಡಿಯ ಬೋರ್ಡು ಬಡಿದುಕೊಳ್ಳುವಷ್ಟು.
ಅವಳು ಮೊಣಕಾಲುದ್ದ ನೀರಲ್ಲಿ,
ನಾನು ದಂಡೆಯಲ್ಲಿ ಪಟದ ಅಂಚು ಹಿಡಿದು.
ಸನ್ನೆ ಮಾಡಿದಳು. ಬಿಟ್ಟೆ.
ನೆಟ್ಟಗೆ ಏರಿತು.
ಎಷ್ಟೋ ಹೊತ್ತು ಅಂಗೈಯಲ್ಲಿ ಆ ಜಗ್ಗು ಉಳಿದಿತ್ತು,
ಬಲೆ ಭಾರವಾಗಿ ಬರುವ ಬೆಳಗಿನಂತೆ.

ಬಿಲ್ಲಿನಲ್ಲಿ ಬರೆದದ್ದು ವಾಲ್ವು ಒಂದು, ಪ್ಯಾಚು ಮೂರು.
ಗಂಟಿನ ಲೆಕ್ಕ ಬರೆಯಲಿಲ್ಲ,
ಅವಳೂ ಕೇಳಲಿಲ್ಲ, ನೋಡಿದಳೋ ಇಲ್ಲವೋ.
ಮರಳು ಮಾತ್ರ ಇನ್ನೂ ಮೇಜಿನಡಿ ಇದೆ,
ಬರಿಗಾಲಲ್ಲಿ ಹೊಲಿಯುವಾಗ
ಪೆಡಲಿನ ಕೆಳಗೆ ಕರಕರ ಅನ್ನುತ್ತದೆ.