ಮೊಳೆ ಬಡಿದ ಟೈರು

ಹಳೇ ಟೈರಿನ ಗಂಟು ಬಿಚ್ಚಿದಾಗ
ಬಂದರದ ಉಪ್ಪಿನ ವಾಸನೆ ಇನ್ನೂ ಹೋಗಿರಲಿಲ್ಲ.
ನಲವತ್ತರಾಗ ಒಂದು ಮಾತ್ರ ಬ್ಯಾರೇನ:
ಮೈತುಂಬ ಉಕ್ಕಿನ ಮೊಳೆ, ಸಾಲು ಹಿಡಿದು,
ಯಾರೋ ಎಣಿಸಿ ಬಡಿದಂಗ.

ಅಪ್ಪ ಕನ್ನಡಕ ಹಣೆಗೇರಿಸಿ ನೋಡಿದ.
ಮಹಾಲಿಂಗಪುರದ ಈ ಮೂಲ್ಯಾಗ ಕುಂತು
ಮೂವತ್ತೊಂದು ವರ್ಷ ಟೈರಿನಿಂದ ಮೊಳೆ ಕಿತ್ತವ.
ಲಾಳದ ಮೊಳೆ, ಜಾಲಿಮುಳ್ಳು, ಕಬ್ಬಿನ ಗಾಡಿಯ ಕೀಲು,
ಒಮ್ಮೆ ಯಾರದೋ ಮೂಗುಬಟ್ಟು.
‘ಬುದ್ಧಿ ನೆಟ್ಟಗೈತೇನ ಇವರದು?
ಪಂಚರ್ ಮಾಡೇ ಮಾರ್ತಾರಲ್ಲವಾ!’

ಪಕ್ಕೆಗೆ ಒಂದು ಗುರುತು: ಮೂರು ಕೋಡಿನ ಗುಡ್ಡ,
ಗುಡ್ಡದ ಹೊಟ್ಟ್ಯಾಗ ಆರೆಸಳಿನ ಹೂ.
ಹೂ ಅಲ್ಲಪಾ, ಹಿಮ, ಅಂದೆ.
ಫೋನಿನಾಗ ಹುಡುಕಿ, ತಿಳಿದಷ್ಟು ಕನ್ನಡ ಮಾಡಿ ಓದಿದೆ:

ಭೂಮಿಯ ಬಡಗಣ ಅಂಚು. ಅಲ್ಲೊಂದು ಕಾರ್ಖಾನೆ.
ಮೊದಲು ಅವರು ಮಾಡಿದ್ದು ಟೈರಲ್ಲ,
ಬೂಟಿನ ಮ್ಯಾಲೆ ಏರಿಸೋ ರಬ್ಬರ್ ಜೋಡು.
ಆಮ್ಯಾಲೆ ಸೈಕಲ್ಲಿನ ಗಾಲಿಗೆ ಕೈ ಹಾಕಿದರು.
ಚಳಿಗಾಲ ಬಂತಂದ್ರ ಲಾರಿಗಳು ಕೊಟ್ಟಿಗಿ ಸೇರತಿದ್ದವಂತ,
ಕುದುರಿ ಎಳೆಯೋ ಜಾರುಗಾಡಿಯದೇ ರಾಜ್ಯ.
ಯಾರೋ ಒಬ್ಬರು ರಬ್ಬರಿಗೆ ಆಳಕ್ಕ ಅಡ್ಡಗೆರಿ ಕೊರೆದರು.
ಲಾರಿ ಎದ್ದು ನಡೀತು.

ಮುಂದ ಯುದ್ಧ. ರಬ್ಬರಿನ ಹಡಗು ನಿಂತವು.
ಇದ್ದ ಟೈರಿಗೇ ತೇಪಿ ಹಚ್ಚಿ ದಿನ ದೂಡಿದರು.
‘ತೇಪಿ ಹಚ್ಚಿದರಾ?’ ಅಪ್ಪ ತಲಿ ಎತ್ತಿದ,
‘ಹಂಗಾರ ನಮ್ಮವರ.’

ಬೀಡಿ ಹಚ್ಚಿ ತಾನೂ ಸುರು ಮಾಡಿದ:
ನಿಮ್ಮಜ್ಜ ಮಕ್ತುಮಸಾಬ ಏನು ಹುಟ್ಟಾ ಟೈರಿನವನಾ?
ನದಾಫ ನಾವು. ಬಿಲ್ಲು ಹೂಡಿ ಅರಳಿ ಹಿಂಜುತಿದ್ದ.
ಟೊಂಯ್ಞ್ ಟೊಂಯ್ಞ್, ಓಣಿಗೆಲ್ಲ ಕೇಳೂದು.
ಸಂಜಿಗೆ ಹುಬ್ಬು ಬೆಳ್ಳಗ, ಮೀಸಿ ಬೆಳ್ಳಗ,
ತೊಲಿ, ಕಿಟಕಿ, ಮಲಗಿದ ಬೆಕ್ಕು, ಎಲ್ಲಾ ಬೆಳ್ಳಗ.
ಹಿಮ ಅಂದ್ರ ಹಂಗ ಇರತೈತೇನವಾ?

ನನಗೇನು ಗೊತ್ತು? ನಾನೂ ಕಂಡಿಲ್ಲ.
ಫೋಮಿನ ಗಾದಿ ಬಂದ ವರ್ಷ ಅಜ್ಜ
ಬಿಲ್ಲು ಗ್ವಾಡಿಗೆ ಸಿಗಿಸಿ, ಒಂದು ಕಬ್ಬಿಣದ ಸಲಾಕಿ,
ಒಂದು ಬುಟ್ಟಿ ನೀರು ಕೊಂಡು ತಂದನಂತ.
ಬುಟ್ಟಿ ಕೊಂಡಾನು, ನೀರು ಹೆಂಗ ಕೊಂಡ, ಕೇಳಿದೆ.
ಅಪ್ಪ ನಗಲಿಲ್ಲ.
ಬಿಲ್ಲು ಇನ್ನೂ ಅಲ್ಲೇ ಐತಿ, ರಿಮೋಲ್ಡ್ ಮಷೀನಿನ ನೆತ್ತಿಗೆ,
ನರ ಹರಿದು.

ಏಪ್ರಿಲ್. ಬೆಲ್ಲದ ಪೇಟಿ ನೆಳ್ಳಿಗೆ ಸರಿಯೋ ಹೊತ್ತು.
ಅಪ್ಪ ಹೆಬ್ಬೆರಳು ಒತ್ತಿದ. ಟೈರು ಮೆತ್ತಗ ಒಳಗೆ ಹೋತು.
‘ಪಾಕ ಎಳಸೈತಿ. ನಮ್ಮ ಬಿಸಲಿಗೆ ಅಚ್ಚು ನಿಲ್ಲೂದಿಲ್ಲ.’
ಯಾವ ಗಾಡಿಯವನೂ ಒಯ್ಯಲಿಲ್ಲ.
ಕಡೀಕ ಯಮನಪ್ಪ ಬಂದ, ರಂಪಿಗಿ ಮಸಿಗೋತ:
‘ಚಪ್ಪಲಿಗೆ ಕೊಡ್ರಿ ಸಾಹೇಬ್ರ, ಅಟ್ಟೆ ಚಲೋ ಆಕ್ಕಾವು.’

ಕೊಡೂಕಿಂತ ಮೊದಲು ಇಕ್ಕಳ ಹಿಡಿದು ಕುಂತ ಅಪ್ಪ.
ಕಿತ್ತ, ಕಿತ್ತ. ಡಬ್ಬಿಗೆ ಒಂದೊಂದು ಬಿದ್ದಾಗ
ಹೂವಿನ ದರ ಹೇಳಿದಂಗ ಸಣ್ಣ ದನಿ.
ನಾನು ಲೆಕ್ಕದ ಪಟ್ಟಿಯಾಗ ಬರಕೊಂಡೆ: ನೂರಾ ಇಪ್ಪತ್ತೇಳು.
ಜೋಡು ಮಾಡಿದವರ ಮನಿಯ ರಬ್ಬರು
ಏಳು ಸಮುದ್ರ ಸುತ್ತಿ ಮತ್ತ ಜೋಡಾತು.
ಇದನ್ನ ಅಪ್ಪಗ ಹೇಳಿದೆ. ‘ಹೂಂ’ ಅಂದ,
ಜೀಪಿನ ಟ್ಯೂಬು ನೀರಿಗಿಟ್ಟು ಗುಳ್ಳಿ ನೋಡಾಕ ಹತ್ತಿದ್ದ.

ಶ್ರಾವಣದ ಜಿಟಿಜಿಟಿ. ಎರಿ ನೆಲ ಬೆಣ್ಣಿ ಆಗಿ
ಮಾಸ್ತರು ಬಿದ್ದರು, ಎಮ್ಮಿ ಬಿತ್ತು, ಹಾಲಿನ ಬೈಕು ಬಿತ್ತು.
ಯಮನಪ್ಪನ ಹೆಂಡತಿ ದುರಗವ್ವ
ತಲಿಮ್ಯಾಲೆ ಕಣಿಕಿ ಹೊತ್ತು ನೆಟ್ಟಗ ಬಂದಳು.
ಹಿಂದ ಕರೀ ಕೆಸರಿನಾಗ ಅಂಕುಡೊಂಕು ಗೆರಿ,
ಇಲ್ಲಿಯ ಯಾವ ಗಾಲಿಯೂ ಬರೆಯದ ಅಕ್ಷರ.

ಡಾಂಬರು ಹತ್ತಿದಳು.
ಎಡಗಾಲು ಟಿಕ್. ಬಲಗಾಲು ಸುಮ್ಮಗ.
ಎಡಗಾಲು ಟಿಕ್.

‘ಒಂದು ಉಳದೈತಿ’ ಅಂದ ಅಪ್ಪ, ತಲಿ ಎತ್ತದೇ.
ಇಕ್ಕಳ ಹಿಡಿದು ಎದ್ದ,
ಮಳಿ ನೋಡಿದ,
ಕುಂತ.